ಎಡಗೈ ಗಂಟು

ಡಿಸೆಂಬರ್ ನಾಲ್ಕು, ಸಂತ ಬಾರ್ಬರಾಳ ದಿನ.
ಮೊರಾವಿಯಾದ ನಮ್ಮ ಹಳ್ಳಿಯಲ್ಲಿ
ನಾಲ್ಕಕ್ಕೇ ಹೊತ್ತು ಮುಳುಗುತ್ತದೆ.
ಇಗರ್ಜಿಯ ಗಂಟೆ ನಿಲ್ಲುವುದರೊಳಗೆ
ಬರಿಗಾಲಲ್ಲಿ ಹೋಗಬೇಕು ಮರದ ಬುಡಕ್ಕೆ.
ಹತ್ತು ವರ್ಷ ದಾಟಿದ ಚೆರ್ರಿಮರವೇ ಆಗಬೇಕು.
ಒಂದೇ ಏಟಿಗೆ ಕಡ್ಡಿ ಕೈಗೆ ಬರಬೇಕು.
ಹಿಂತಿರುಗಿ ನೋಡಕೂಡದು,
ಸೀನಕೂಡದು
(ಇದು ಮಾತ್ರ ಅಜ್ಜಿ ಸೇರಿಸಿದ್ದು ಅನ್ನಿಸುತ್ತದೆ).

ಒಲೆಯ ಪಕ್ಕ ನೀರಿನ ಜಾಡಿ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯೊಳಗೆ ಹೂ ಬಿರಿದರೆ
ವರ್ಷದೊಳಗೆ ಮದುವೆ.
ಬಿರಿಯದಿದ್ದರೆ
ಇನ್ನೊಂದು ಚಳಿಗಾಲ ಹೆಬ್ಬಾತಿನ ಗರಿ ಬಿಡಿಸುವುದು.

ಒಂದೇ ಜಾಡಿ, ಎರಡು ಕಡ್ಡಿ.
ಅಕ್ಕ ಒತೀಲಿಯೆಯದಕ್ಕೆ ಕೆಂಪು ದಾರ,
ನನ್ನದಕ್ಕೆ ನೀಲಿ.
ಅವಳಿಗೆ ಇಪ್ಪತ್ತಾರು, ನನಗೆ ಹತ್ತೊಂಬತ್ತು.
ಮೂರು ವರ್ಷ ಅವಳ ಕಡ್ಡಿ
ಪೊರಕೆಯಿಂದ ಕಿತ್ತಿಟ್ಟ ಹಾಗೇ ಇತ್ತು.
ಅಮ್ಮ ಏನೂ ಅನ್ನಲಿಲ್ಲ.
ಅನ್ನದೆಯೇ ಅದನ್ನು ಒಲೆಗಿಡುತ್ತಿದ್ದಳು.
ಚಟಚಟ ಅಂದದ್ದು ಕಡ್ಡಿಯೊಂದೇ.

ಆ ವರ್ಷ, ಹದಿನೆಂಟನೆಯ ರಾತ್ರಿ,
ನೀರಡಿಸಿ ಎದ್ದೆ.
ತೊಟ್ಟಿಯಲ್ಲಿ ಹಬ್ಬಕ್ಕೆ ತಂದ ಮೀನು
ಕತ್ತಲಲ್ಲಿ ಮಗ್ಗುಲು ಬದಲಿಸುತ್ತಿತ್ತು.
ದೀಪದ ಕುಡಿ ಎತ್ತಿ ನೋಡಿದರೆ
ನೀಲಿ ದಾರದ ಮೇಲೆ ಅಕ್ಕಿಕಾಳಿನಷ್ಟು ಬಿಳಿ,
ಒಂದಲ್ಲ, ಮೂರು.
ಕೆಂಪು ದಾರದ್ದು ಅದೇ ಪೊರಕೆ.

ಎದೆ ಹಿಗ್ಗಬೇಕಿತ್ತು. ಹೊಟ್ಟೆ ತೊಳಸಿತು.
ದಾರ ಬಿಚ್ಚಿದೆ. ದಾರ ಕಟ್ಟಿದೆ.
ಇದ್ದ ಸಾಕ್ಷಿ ಒಂದು ಮೀನು,
ಅದನ್ನೂ ನಾಡಿದ್ದು ತಿಂದೆವು.

ಮರುಕ ಅಂತ ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ.
ಹೆದರಿಕೆಯೂ ಇದ್ದೀತು.
ರೈಲ್ವೆ ಗೇಟಿನ ಕೆಲಸಕ್ಕೆ ಅರ್ಜಿ ಬರೆದು
ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ ಆಗ.

ಈಸ್ಟರ್ ಹೊತ್ತಿಗೆ ವೆಂಡೆಲೀನ್ ಬಂದ.
ಗಿರಣಿಯವನು, ಹುಬ್ಬಿನ ತುಂಬ ಹಿಟ್ಟು,
ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವನು.
ಗೋಧಿ ಕಟಾವು ಮುಗಿದ ವಾರವೇ ಮದುವೆ.

ಆಮೇಲೆ ನಲವತ್ತೊಂದು ವರ್ಷ
ಗೇಟು ಇಳಿಸಿದೆ, ಎತ್ತಿದೆ, ಇಳಿಸಿದೆ.
ಹಳಿಯಾಚೆಗೆ ಅವರ ಮನೆ.
ಜಗಳ ಕೇಳಿಬಂದ ದಿನ ಅದು ನನ್ನ ತಪ್ಪು.
ನಗು ಕೇಳಿಬಂದ ದಿನ
ಇದು ನನ್ನದಾಗಬಹುದಿತ್ತೇ ಅಂತ
ಕೇಳಿಕೊಂಡಿದ್ದೇನೆ, ಎರಡು ಸಲ.
ಮೂರೂ ಇರಬಹುದು.

ಅವನು ತೀರಿಕೊಂಡ ಮೇಲೆ ಅಕ್ಕ ಇಲ್ಲಿಗೇ ಬಂದಳು,
ಗರಿಯ ಎರಡು ದಿಂಬು, ಒಂದು ಕಿವುಡು ಬೆಕ್ಕು ಹೊತ್ತು.

ಅವಳ ಮೊಮ್ಮಗಳು ಹೆದ್ವಿಕಾ ತೋಟಗಾರಿಕೆ ಓದಿದವಳು.
"ಚಿಕ್ಕಜ್ಜಿ, ಮೊಗ್ಗಿಗೆ ಗಂಡಿನ ಗೊಡವೆ ಇಲ್ಲ,
ಅದು ಚಳಿ ಎಣಿಸುತ್ತದೆ, ತಾಸು ತಾಸು ಲೆಕ್ಕ.
ಸಾಕಷ್ಟು ಕೊರೆಸಿಕೊಂಡ ಕಡ್ಡಿಗೆ ಮಾತ್ರ
ಬೆಚ್ಚಗಿನ ಮನೆ ಅರ್ಥವಾಗೋದು.
ನಿಮ್ಮದು ಬಡಗಣ ಕೊಂಬೆಯದಿರಬೇಕು."

ಅದೇ ರಾತ್ರಿ, ಗಸಗಸೆ ಅರೆಯುತ್ತ,
ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ.
ಅವಳು ಕೈ ನಿಲ್ಲಿಸಲಿಲ್ಲ.
"ಗೊತ್ತು. ದಾರದ ಗಂಟು ಎಡಕ್ಕೆ ತಿರುಗಿತ್ತು.
ಮನೆಯಲ್ಲಿ ಎಡಚಿ ನೀನೊಬ್ಬಳೇ.
ಬೆಳಗ್ಗೆ ಮೊದಲು ಕಂಡದ್ದು ಅದು,
ಆಮೇಲೆ ಹೂವು."

ಮತ್ತೆ ಯಾಕೆ ನೀನು...

"ಯಾಕೆ ಅಂದರೆ? ಹೂ ಬಿಟ್ಟಿತ್ತಲ್ಲ.
ಅಮ್ಮ ಹಾಡಿಕೊಂಡು ಹಿಟ್ಟು ನಾದುತ್ತಿದ್ದಳು.
ಅದರ ಮೇಲೆ ನಾನೂ ಒಂದು ಗಂಟು ಹಾಕಿದೆ,
ಬಲಗೈಯಲ್ಲಿ, ಬಿಚ್ಚದ ಹಾಗೆ."

ಹಾಗಾದರೆ ಇಷ್ಟು ವರ್ಷ ನಾನು ಹೊತ್ತದ್ದು ಏನನ್ನು?
ಕೇಳಲಿಲ್ಲ.
ಗಸಗಸೆ ಎಣ್ಣೆ ಬಿಡುವವರೆಗೆ ಅರೆದೆವು.

ಈ ಸಲವೂ ಕಡ್ಡಿ ಇಟ್ಟಿದ್ದೇವೆ. ಒಂದೇ. ದಾರ ಇಲ್ಲ.
ಬರಿಗಾಲಿಗೆ ಡಾಕ್ಟರು ಒಪ್ಪಲಿಲ್ಲ,
ಹೆದ್ವಿಕಾ ಬೂಟು ಮೆಟ್ಟಿ ಹೋಗಿ ತಂದಳು.
ಬೆಕ್ಕಿಗೆ ಗಂಡು ನೋಡುತ್ತಿದ್ದೇವೆ ಅಂತ
ಪಕ್ಕದ ಮನೆಯವರಿಗೆ ಹೇಳಿಯಾಗಿದೆ.
ಚಳಿ ಸಾಲದು ಈ ವರ್ಷ ಅನ್ನುತ್ತಾಳೆ ಹುಡುಗಿ.
ಇರಲಿ.
ಒಳಗಿನಿಂದ ಅಕ್ಕನ ಕೂಗು:
ಜಾಡಿಯ ನೀರು ನಾರುತ್ತಿದೆ ಕಣೇ,
ಇವತ್ತು ಬದಲಿಸುವ ಸರದಿ ಯಾರದು?