ನಲವತ್ತು ರೂಪಾಯಿಯ ತಟ್ಟೆ

ಐವನ್ ಲಾಗೋಸಿನ ತುತ್ತೂರಿ ಇಳಿಸಿದ.
ನನ್ನ ಸರದಿ. ಮುಳ್ಳು ಇಟ್ಟೆ:
ಮೊದಲು ಒಗ್ಗರಣೆಯ ಸಾಸಿವೆ, ಚಟಪಟ,
ಆಮೇಲೆ ಹೆಂಗಸಿನ ದನಿ, ಕನ್ನಡ.
ಚರ್ಚ್ ಸ್ಟ್ರೀಟಿನ ನೆಲಮಾಳಿಗೆ ಒಂದು ಕ್ಷಣ ತಬ್ಬಿಬ್ಬು.

ಸಂಡೇ ಬಜಾರಿನ ರದ್ದಿಯಲ್ಲಿ ಸಿಕ್ಕಿದ್ದು. ಲಕೋಟೆಯ ಮೇಲೆ
ನೀಲಿ ಶಾಯಿ: ‘ಚಿ. ಸೌ. ವನಮಾಲಳಿಗೆ,
ಮದುವೆಯ ನೆನಪಿಗೆ. ಚಾಮರಾಜಪೇಟೆ, ೧೯೭೧.’

ಮೂರನೇ ಸಾಲಿಗೆ ಸಿಕ್ಕಿಕೊಂಡಿತು. ಬಾ, ಬಾ, ಬಾ, ಬಾ—
ಆ ಮನೆಯಲ್ಲಿ ಯಾರೋ ಅಡುಗೆಮನೆಯಿಂದ
ಒದ್ದೆ ಕೈ ಒರೆಸುತ್ತ ಓಡಿ ಬಂದು ತಟ್ಟುತ್ತಿದ್ದಿರಬೇಕು.
ನಾನು ತಟ್ಟಲಿಲ್ಲ.
ಇನ್ನೂರು ಕಾಲು ಆ ಗೀರಿಗೇ ಕುಣಿದವು.

ಒಂದಕ್ಕೆ ಪೊಲೀಸರು, ಟ್ಯೂಬ್‌ಲೈಟು.
ತೊಡೆಯ ಮೇಲೆ ಪೆಟ್ಟಿಗೆ. ಆಟೋದವ ತಿರುಗಿ ನೋಡಿದ.
‘ಏನ್ ಮೇಡಂ ಇದ್ರಲ್ಲಿ?’
‘ತಟ್ಟೆ.’
‘ತೊಳ್ದಿರೋವಾ?’
‘ಇಲ್ಲ. ಎಲ್ಲಾ ಎಂಜಲು.’