ಸೀ

ಹೊಸ ಡಾಕ್ಟರಿಗೆ ಮಾತುಮಾತಿಗೂ "ಸೀ".
"ಸೀ ಅಮ್ಮಾ, ಪೊರೆ ಬಲಿತಿದೆ.
ಸೀ, ಹೆದರಬೇಡಿ."

ಬೈತಖೋಲದ ಚಂಪಾವತಿ ತಾಂಡೇಲಳಿಗೆ
ಸೀ ಅಂದರೆ ಹಿತ್ತಲ ಬಾವಿಯ ನೀರು,
ಭರತದಲ್ಲೂ ಉಪ್ಪಾಗದ್ದು;
ಇಲ್ಲವೇ, ಬಲೆಯ ಮೇಲೆ ಬಗ್ಗಿ ಮೈಮರೆತಾಗ
ತಳ ಹಿಡಿದು ಸೀದ ಗಂಜಿ.

ಚೀಟಿ ಬರೆಯುತ್ತಿದ್ದ ನಾನು ತಿದ್ದಿದೆ:
"ಸೀ ಅಂದ್ರೆ ನೋಡು."

"ಯಾವ ನೋಡು?" ಅಂದಳು.
"ಇಪ್ಪತ್ತು ಕಮ್ಮಿ ಮಾಡಿ ನೋಡು, ಅಂತಾರಲ್ಲ ಪೇಟೇಲಿ, ಅದಾ?
ಹಾಸಿಗೆ ಹಿಡಿದ ಅತ್ತೇನ
ಹನ್ನೊಂದು ವರ್ಷ ನೋಡ್ಕಂಡೆ, ಅದಾ?
ದೋಣಿ ತಿರುಗಿ ಬರದ ದಿನ
ಬಂದರಿನ ಸಾಹೇಬ ನೋಡೋಣ ಅಂದ,
ಅದಾ?"

ಡಾಕ್ಟರು ದೀಪ ಆರಿಸಿದರು.
ಕೋಣೆಯಲ್ಲಿ ಬಂಗಡೆಯ ವಾಸನೆ ಉಳಿಯಿತು.

"ಗುರುವಾರ ಆಪರೇಶನ್," ನಾನು ಕೇಳಿದೆ, "ಜೊತೆಗೆ ಯಾರು?"

ಖಾಲಿ ಬುಟ್ಟಿ ಸೊಂಟಕ್ಕೇರಿಸಿ
"ನೋಡುವಾ" ಅಂದಳು.