ಹತ್ತು ಪಟ್ಟು

ಮೊದಲ ಸೆಮಿಸ್ಟರಿನಲ್ಲಿ ನನ್ನ ಬ್ಯಾಗಿಗೆ ಮೀನಿನ ವಾಸನೆಯೆಂದು
ಯಾರೂ ಬಾಯಿಬಿಟ್ಟು ಹೇಳಲಿಲ್ಲ,
ಕಿಟಕಿ ಮಾತ್ರ ತೆರೆಯುತ್ತಿದ್ದರು.
ಹಾರವಾಡದ ಖಾರ್ವಿ ಹುಡುಗಿ ತೋಟಗಾರಿಕೆ ಓದಿ
ಎಂಥ, ಉಪ್ಪುನೀರಲ್ಲಿ ಗುಲಾಬಿ ಬೆಳೆಯುತ್ತಾಳಾ
ಎಂದು ದಕ್ಕೆಯಲ್ಲಿ ಐಸ್ ಒಡೆಯುವವರೂ ನಕ್ಕಿದ್ದರು.
ಘಟ್ಟದ ಮೇಲೆ, ಕೆಳಗೆ, ನಗು ಒಂದೇ ತೂಕ.

ಶಿರಸಿಯ ನರ್ಸರಿ. ಸೀಳು ಹಾಕಿದ ಎಳೆಕಾಂಡ,
ಬೆಣೆಯಂತೆ ಕೆತ್ತಿದ ಕುಡಿ.
ಹಸಿರು ಪದರಕ್ಕೆ ಹಸಿರು ಪದರ ಮುಟ್ಟಬೇಕು,
ಕೂದಲೆಳೆ ತಪ್ಪಿದರೂ ಒಣಗುತ್ತದೆ.
ಎಲ್ಲರ ಪಟ್ಟಿ ಜಾರಿತು. ನನ್ನದು ಜಾರಲಿಲ್ಲ.
ಅಪ್ಪ ಬಲೆಗೆ ಹಾಕುವ ಗಂಟು ಅದು:
ಎಳೆದಷ್ಟೂ ಬಿಗಿ, ತುದಿ ಚಿವುಟಿದರೆ ಬಿಡುಗಡೆ.
ಕುಂದರಗಿ ಮೇಡಂ ಬಗ್ಗಿ ನೋಡಿ
"ಯಾರ ಕಲಿಸಿದ್ರವಾ ಇದನ್ನ?" ಅಂದರು.
ಸಿಲೆಬಸ್ಸಿನಲ್ಲಿ ಇಲ್ಲದ ಹೆಸರು ಹೇಳಿದೆ.

ಮುರುಗಲಿನ ಪಾಠ ಬಂದದ್ದು ಡಿಸೆಂಬರಿನಲ್ಲಿ.
"ಬೀಜಾ ಹಾಕಿದ್ರ ಗಂಡೋ ಹೆಣ್ಣೋ
ಏಳೆಂಟು ವರ್ಷ ಹೇಳಾಕ ಬರೂದಿಲ್ಲ.
ಹೂ ಬಿಡೂತನಕ ಕಾಯಬೇಕು. ಅದಕ್ಕ ಕಸಿ."
ಎಲ್ಲರೂ ಬರೆದುಕೊಂಡರು.
ನನ್ನ ಪೆನ್ನು ನಮ್ಮ ಹಿತ್ತಿಲಿಗೆ ಹೋಗಿ ನಿಂತಿತು.

ಅಲ್ಲೊಂದು ಮರ, ಬಲೆ ಒಣಹಾಕುವ ಗಳದ ಹಿಂದೆ.
ಶೇವಂತಿ ಅತ್ತೆ ಒಂದು ಟ್ರಂಕು ಹಿಡಿದು
ಗಂಡನ ಮನೆಯಿಂದ ಮರಳಿದ ವರ್ಷ
ತಿಂದು ಉಗಿದ ಬೀಜವಂತೆ.
ಈಗ ಹದಿನೆಂಟು. ಒಂದು ಕಾಯಿ ಬಿಟ್ಟದ್ದಿಲ್ಲ.
ಮೀನು ಸಾರಿಗೆ ಹುಳಿ ಬೇಕಾದರೆ
ಬೇಲಿಯಾಚೆಯ ರುಕ್ಮಾಬಾಯಿಯಿಂದ ಕಡ.
ಆಕೆ ಸಿಪ್ಪೆ ಎಣಿಸಿ ಕೊಡುತ್ತ
"ನೆಟ್ಟವರ ಕೈಗುಣ" ಅನ್ನುತ್ತಿದ್ದಳು,
"ಬಂಜೆಮರ ಕಡಿದು ಹಾಕಿ, ಸೌದೆಗಾದರೂ ಆದೀತು."
ಅತ್ತೆ ಏನೂ ಅನ್ನದೆ
ಮೀನು ತೊಳೆದ ನೀರನ್ನು ಅದರ ಬುಡಕ್ಕೇ ಚೆಲ್ಲುತ್ತಿದ್ದಳು.

ರಜೆಗೆ ಬಂದವಳು ಚೀಲ ಇಳಿಸದೆ ಅಲ್ಲಿಗೆ ನಡೆದೆ.
ಹೂ ಇತ್ತು. ಪ್ರತಿ ವರ್ಷವೂ ಇದ್ದಿರಬೇಕು.
ಉಗುರಿನಷ್ಟೂ ಇಲ್ಲದ ಹಳದಿಯನ್ನು
ಕಾಯಿ ಬೇಕಾದವರು ಯಾಕೆ ನೋಡುತ್ತಾರೆ?
ಎಲೆಯ ಕಂಕುಳಲ್ಲಿ ಗೊಂಚಲು ಗೊಂಚಲು. ಒಂದನ್ನು ಕಿತ್ತು
ಹತ್ತು ಪಟ್ಟಿನ ಮಸೂರ ಕಣ್ಣಿಗೆ ಒತ್ತಿದೆ.
ನಡುವೆ ಗುಡ್ಡೆಯಾಗಿ ಕೇಸರಗಳು,
ಹದಿನಾಲ್ಕು, ಹದಿನೈದು, ಎಣಿಕೆ ತಪ್ಪಿತು.
ಅಂಡಾಶಯ ಹುಡುಕಿದೆ. ಇಲ್ಲ.
ಕೊರತೆಯಲ್ಲ ಅದು. ಇರುವುದೇ ಹಾಗೆ.

"ಅತ್ತೆ, ಇದು ಬಂಜೆಯಲ್ಲ. ಗಂಡು."
ಬಂಗಡೆಯ ಹೊಟ್ಟೆ ಸೀಳುತ್ತಿದ್ದವಳು ಕೈ ನಿಲ್ಲಿಸಲಿಲ್ಲ.
"ಮರದಲ್ಲಿ ಗಂಡು ಎಂಥದು?"
ಮಸೂರ ಕೊಟ್ಟೆ. ನೆತ್ತರು ಅಂಟಿದ ಬೆರಳಲ್ಲಿ ಹಿಡಿದು
ಮೊದಲು ತನ್ನ ಹೆಬ್ಬೆರಳನ್ನೇ ನೋಡಿದಳು,
ಆಮೇಲೆ ಒಂದು ಬಂಗಡೆಯ ಕಣ್ಣು. ಆಮೇಲೆ ಹೂ.
ಬಹಳ ಹೊತ್ತು. ಬೆಕ್ಕು ಎರಡು ಮೀನು ಕದ್ದಿತು.
ರುಕ್ಮಾಬಾಯಿಯ ಮರಗಳು ಕಾಯಿ ಕಚ್ಚುವುದು
ಇದರ ಪರಾಗದಿಂದಲೇ ಇರಬಹುದು ಎಂದೆ,
ಖಚಿತವಿಲ್ಲ ಎಂದೂ ಸೇರಿಸಿದೆ.
ಕಾಲೇಜು ಅಷ್ಟು ಕಲಿಸಿದೆ.

ಅತ್ತೆ ನಕ್ಕಳು.
ಆ ನಗುವನ್ನು ನಾನು ಮೊದಲು ಕೇಳಿರಲಿಲ್ಲ,
ತಳ ತಾಗಿದ ದೋಣಿ ಭರತಕ್ಕೆ ಎದ್ದ ಹಾಗೆ.
"ನನ್ನನ್ನು ಮೂರು ಊರಿನ ಡಾಕ್ಟರಿಗೆ ತೋರಿಸಿದರು.
ಅವರ ಮಗನನ್ನು ಯಾರೂ
ಹೀಗೆ ಹಿಡಿದು ನೋಡಲೇ ಇಲ್ಲವಲ್ಲೇ."

ಒಂದು ಕೊಂಬೆ ಸವರಿ ಹೆಣ್ಣುಕುಡಿ ಕಸಿ ಮಾಡಲಾ,
ಕೆಲವು ವರ್ಷಕ್ಕೆ ಹಣ್ಣು ಬಂದೀತು ಎಂದೆ.
ಚೂರಿ ತೊಳೆಯುತ್ತ ಯೋಚಿಸಿದಳು.
"ಬೇಡ. ಇದ್ದ ಹಾಗೆ ಇರಲಿ.
ಹುಳಿ ಕಡ ತಂದರಾಯಿತು.
ಇನ್ನು ಮೇಲೆ ಎಣಿಸಿ ಕೊಡಬೇಡ ಅನ್ನು ಅವಳಿಗೆ."

ಮಸೂರ ಕಳೆದಿದೆ ಎಂದು ಲ್ಯಾಬಿಗೆ ಬರೆದುಕೊಟ್ಟೆ,
ನೂರಿಪ್ಪತ್ತು ರೂಪಾಯಿ ದಂಡ.
ಅಪ್ಪ ಫೋನಿನಲ್ಲಿ ದೂರುತ್ತಾನೆ:
ನಿನ್ನ ಅತ್ತೆ ಈಗ ಉಪ್ಪಿನ ಹರಳನ್ನೂ ಬಿಡುವುದಿಲ್ಲ,
ಪೇಟೆಯಲ್ಲಿ ಮೀನು ಕೊಳ್ಳುವವರು ಕಾಯುತ್ತ ನಿಂತರೆ
ಕಿವಿರು ಅಗಲಿಸಿ, ಒಂದು ಕಣ್ಣು ಮುಚ್ಚಿ,
"ತಡೀರಿ, ನೋಡಿ ಹೇಳ್ತೆ" ಅನ್ನುತ್ತಾಳೆ.